ಸಂಕ್ರಾಂತಿಯ ಹನ್ನೊಂದು ಲೀಟರ್

ಅಜ್ಜಿ ಕೈಚೀಲದಿಂದ ಒಂದು ದಾರ ಎಳೆದರು. ಡೇರಿಯ ಚೀಟಿಗಳನ್ನು ಅದಕ್ಕೆ ಹೂವಿನ ಹಾಗೆ ಪೋಣಿಸಿದ್ದರು. "ಎಣಿಸ್ಕಳಪ್ಪ," ಅಂದರು.

ಎಣಿಸಿದೆ. ಬೆಳಗಿನವು ಹದಿನೈದು, ಸಂಜೆಯವು ಹದಿನೈದು. ನನ್ನ ಪ್ರೋಗ್ರಾಂ ಮುದ್ರಿಸಿದ ಬಿಲ್ಲಿನಲ್ಲಿ 28 ಸಾಲುಗಳಷ್ಟೇ ಇದ್ದವು. 165 ಲೀಟರ್ ಹಾಕಿದವರಿಗೆ 154 ಲೀಟರಿನ ದುಡ್ಡು. ಇಲ್ಲದ ದಿನ ಯಾವುದೆಂದು ನೋಡಿದರೆ 2012ರ ಜನವರಿ 15, ಸಂಕ್ರಾಂತಿ.

ನನಗೆ ಸುಲಭವಾಗಿ ನೆಪ ಸಿಕ್ಕಿತು. "ಹಬ್ಬ ಅಲ್ವಾ ಅಜ್ಜಿ, ಪೊಂಗಲ್‌ಗೆ ಅಂತ ಹಾಲು ಮನೇಲೇ ಇಟ್ಕೊಂಡಿರ್ತೀರ."

"ಹಸ ಕಿಚ್ಚು ಹಾಯೋದು ಸಂಜೆಗೆ. ಬೆಳಗಿನ ಹಾಲ್ನೂ ಕಿಚ್ಚಿಗೇ ಸುರಿದ್ನಾ?" ಎಂದರು. ಚೀಟಿ ಕೈಯಲ್ಲೇ ಇತ್ತು. ಆದರೂ ನಾನು, "ಕಂಪ್ಯೂಟರ್ ತಪ್ಪು ಲೆಕ್ಕ ಹಾಕಲ್ಲ ಅಜ್ಜಿ" ಎಂದೆ.

ಮಾಗಡಿ ಕಡೆಯ ಆ ಹಳ್ಳಿಯ ಹಾಲಿನ ಸಂಘಕ್ಕೆ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟವನು ನಾನೇ. ಚನ್ನಪಟ್ಟಣದಲ್ಲಿ ಒಂದು ಪುಟ್ಟ ಅಂಗಡಿ ಇಟ್ಟುಕೊಂಡಿದ್ದೆ. ಬೊಂಬೆ ವ್ಯಾಪಾರಿಗಳ ಸ್ಟಾಕು, ಕನಕಪುರದ ಗೊಬ್ಬರದಂಗಡಿಯ ಸಾಲದ ಪಟ್ಟಿ, ಬಂದದ್ದನ್ನೆಲ್ಲ ಮಾಡುತ್ತಿದ್ದೆ. ಮೊದಲು ಬರೆದದ್ದು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಒಬ್ಬ ರೀಲರಿಗೆ. ಅವರು ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಿ, ಹರಾಜಿನಲ್ಲಿ ಲಾಟು ಕೂಗಿ, ಮಧ್ಯಾಹ್ನ ಬಂದು ತಾರೀಖು, ತೂಕ, ದರ ಬರೆಸುತ್ತಿದ್ದರು. ಗಂಟೆ ಯಾರಿಗೂ ಬೇಕಿರಲಿಲ್ಲ. "1ರಿಂದ 15ರವರೆಗೆ" ಎಂದು ಕೇಳಿದರೆ ಹದಿನೈದೂ ದಿನದ ಗೂಡು ಬರುತ್ತಿತ್ತು. ಪ್ರೋಗ್ರಾಮಿನ ಅದೇ ಸಾಲನ್ನು ಎತ್ತಿ ಡೇರಿಯದಕ್ಕೆ ಅಂಟಿಸಿದ್ದೆ.

ಡಿಸೆಂಬರ್ ನಡುವಿನವರೆಗೆ ಡೇರಿಯಲ್ಲೂ ತೊಂದರೆ ಇರಲಿಲ್ಲ. ಆಮೇಲೆ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಕಂಪ್ಯೂಟರಿಗೆ ಜೋಡಿಸಿದೆ. ಹಾಲು ಅಳೆದ ಗಳಿಗೆ ನಿಮಿಷ, ಸೆಕೆಂಡ್ ಸಮೇತ ದಾಖಲಾಗತೊಡಗಿತು. ಎಲ್ಲರಿಗೂ ಅದನ್ನು ಹೆಮ್ಮೆಯಿಂದ ತೋರಿಸಿದ್ದೆ.

ನಾನು ಬಳಸುತ್ತಿದ್ದ ಆಕ್ಸೆಸ್ ಎಂಬ ಡೇಟಾಬೇಸಿಗೆ ತಾರೀಖು ಅಂದರೆ ಬರೀ ಒಂದು ಅಂಕಿ. 1899ರ ಡಿಸೆಂಬರ್ 30ನ್ನು ಸೊನ್ನೆ ಎಂದಿಟ್ಟುಕೊಂಡು ಒಂದೊಂದೇ ದಿನ ಎಣಿಸುತ್ತ ಬರುತ್ತದೆ. ಆ ಸಂಕ್ರಾಂತಿ 40923. ಬೆಳಗಿನ ಆರು ಗಂಟೆಗೆ ಅದರ ಮೇಲೆ ಕಾಲು ಸೇರುತ್ತದೆ, ಸಂಜೆ ಆರಕ್ಕೆ ಮುಕ್ಕಾಲು. "15ರವರೆಗೆ" ಎಂದರೆ 40923ರವರೆಗೆ, ಅಂದರೆ ಮಧ್ಯರಾತ್ರಿ ದಿನ ಹುಟ್ಟುವ ಕ್ಷಣದವರೆಗೆ. ಆ ಹೊತ್ತಿನಲ್ಲಿ ಯಾವ ಹಸು ಹಾಲು ಕೊಡುತ್ತೆ? ಕಾಲೂ ಮುಕ್ಕಾಲೂ ಬಾಗಿಲಾಚೆಯೇ ನಿಂತವು.

ಡಿಸೆಂಬರ್ 31ರಂದೂ ಹೀಗೇ ಆಗಿತ್ತು. ಆ ಸಂಜೆ ಕರೆಂಟ್ ಇರಲಿಲ್ಲ. ಸಂಘದ ಸೆಕ್ರೆಟರಿ ಪುಸ್ತಕದಲ್ಲಿ ಬರೆದುಕೊಂಡು ಮರುದಿನ ಕೈಯಲ್ಲೇ ಟೈಪ್ ಮಾಡಿದ್ದರು, ತಾರೀಖು ಮಾತ್ರ. ಹಾಗಾಗಿ ಸಂಜೆಯ ಹಾಲು ಬಿಲ್ಲಿಗೆ ಬಂತು, ಬೆಳಗಿನದು ಬಿಟ್ಟುಹೋಯಿತು. ಕರೆಂಟ್ ಹೋದಾಗ ಮಾತ್ರ ನನ್ನ ಲೆಕ್ಕ ಸರಿ ಇರುತ್ತಿತ್ತು!

ಇದೆಲ್ಲ ಅಜ್ಜಿ ಬಂದ ದಿನ ರಾತ್ರಿಯೇ ಗೊತ್ತಾಯಿತು. ಸೆಕ್ರೆಟರಿಗೆ ಫೋನ್ ಮಾಡಿ ಹೇಳಿದ್ದು ಮಾತ್ರ "ಸಿಸ್ಟಂ ಪ್ರಾಬ್ಲಂ, ಸರಿಮಾಡಿದೀನಿ" ಅಂತ. ಊರಲ್ಲಿ ಅಷ್ಟು ಹೊತ್ತಿಗೆ ಸೆಕ್ರೆಟ್ರಿ ಹಾಲು ನುಂಗಿದ ಎಂಬ ಮಾತು ಎದ್ದಿತ್ತು. ಅದು ನನ್ನ ಕಿವಿಗೂ ಬಿದ್ದಿತ್ತು. ಸುಮ್ಮನಿದ್ದೆ.

ಸರಿಮಾಡಿದ್ದೂ ಅವಸರದ ಕೆಲಸ. ಕೊನೆಯ ತಾರೀಖಿಗೆ ಒಂದು ಕೂಡಿಸಿ, 31ರ ಬದಲು ಫೆಬ್ರುವರಿ 1ರವರೆಗೆ ಎಂದೆ. ಒಂದನೇ ತಾರೀಖು ಬೆಳಿಗ್ಗೆ ಮತ್ತೆ ಕರೆಂಟ್ ಹೋಯಿತು, ಮತ್ತೆ ಬರೀ ತಾರೀಖಿನ ಎಂಟ್ರಿ. ಆ ಬೆಳಗಿನ ಹಾಲು ಎರಡು ಬಟವಾಡೆಯಲ್ಲೂ ಸೇರಿತು. ಎರಡು ಸಲ ದುಡ್ಡು ಬಂದಿದೆ ಎಂದು ಹೇಳಲು ಯಾರೂ ದಾರ ಹಿಡಿದು ಬರಲಿಲ್ಲ. ಸಂಘದ ದುಡ್ಡು ಕಡಿಮೆಬಿದ್ದಾಗ ಸೆಕ್ರೆಟರಿಯೇ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಬಂದರು. ಬಯ್ಯಲಿಲ್ಲ. ಕ್ಯಾಶ್ ಬುಕ್ ಮೇಜಿನ ಮೇಲಿಟ್ಟು, "ಸ್ವಾಮಿ, ನನಗೆ ಇಬ್ಬರು ಹೆಣ್ಣುಮಕ್ಕಳು" ಎಂದರು.

ಅವತ್ತು ಅವರೆದುರೇ ಸಾಲು ಬದಲಿಸಿದೆ: 1ನೇ ತಾರೀಖು ಅಥವಾ ಅದರ ನಂತರ, ಆದರೆ 16ಕ್ಕಿಂತ ಮೊದಲು. "ವರೆಗೆ" ತೆಗೆದು "ಮೊದಲು" ಹಾಕಿದ್ದು, ಅಷ್ಟೇ. ಮರುದಿನ ಸಂಜೆ ಹಾಲು ಹಾಕಲು ಬಂದವರ ಮುಂದೆ ನಿಂತು, ತಪ್ಪು ಸೆಕ್ರೆಟರಿಯವರದಲ್ಲ, ನನ್ನದು ಎಂದೆ. ಕ್ಯಾನುಗಳ ಸದ್ದಿನಲ್ಲಿ ಎಷ್ಟು ಜನಕ್ಕೆ ಕೇಳಿಸಿತೋ.

ಹೆಚ್ಚು ಹೋದದ್ದನ್ನು ಮುಂದಿನ ಬಟವಾಡೆಯಲ್ಲಿ ಮುರಿದುಕೊಂಡರು. ಅಜ್ಜಿಯ ಬಾಕಿ ಕೊಡುವಾಗ ಇನ್ನೊಂದು ಪೇಚು ಬಂತು. ಎಂಟ್ರಿಗೆ ಜನವರಿ 15 ಎಂದು ಹಾಕಿದರೆ ಈಗಿನ ಬಿಲ್ಲಿಗೆ ಬರುವುದಿಲ್ಲ, ಇವತ್ತಿನ ತಾರೀಖು ಹಾಕಿದರೆ ಇವತ್ತು 22 ಲೀಟರ್ ಕರೆದ ಹಾಗಾಗುತ್ತದೆ. ನಾನು ಕೀಬೋರ್ಡ್ ಮೇಲೆ ಕೈಯಿಟ್ಟು ಯೋಚಿಸುತ್ತಿದ್ದೆ. ಸೆಕ್ರೆಟರಿ ಕೆಂಪು ಪೆನ್ನು ತೆಗೆದು, ಬಿಲ್ಲಿನ ಕೆಳಗೆ "ಸಂಕ್ರಾಂತಿ ಹಾಲು, 11 ಲೀ." ಎಂದು ಬರೆದು, ಮೊಹರು ಒತ್ತಿ, ದುಡ್ಡು ಎಣಿಸಿಕೊಟ್ಟರು.

ಅಜ್ಜಿ ನೋಟು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿಲ್ಲನ್ನು ದಾರಕ್ಕೆ ಚುಚ್ಚಿದರು.