ಇಪ್ಪತ್ತು ವರ್ಷಕ್ಕೊಂದು ಹೊಸ ಗುಡಿ

"ತೇರಿಗೆ ಈ ಸಲ ಕಬ್ಬಿಣದ ಚಕ್ರ ಹಾಕಿಸ್ತಾರಂತೆ ಕಣೋ."

2013ರ ನವೆಂಬರ್ ತಿಂಗಳು. ಪ್ರಾಜೆಕ್ಟ್ ಕೆಲಸದ ಮೇಲೆ ಮೂರು ತಿಂಗಳು ಜಪಾನಿನ ನಗೋಯಾದಲ್ಲಿದ್ದೆ. ಭಾನುವಾರ ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪ ಹೇಳಿದ ಸುದ್ದಿ ಇದು. ನಮ್ಮಪ್ಪ ಆಚಾರಿ. ಊರ ತೇರಿನ ಮರದ ಚಕ್ರ, ಅಚ್ಚು ನೋಡಿಕೊಳ್ಳುವುದು ತಾತನ ಕಾಲದಿಂದ ನಮ್ಮ ಮನೆಯ ಕೆಲಸ.

"ಯಾಕಂತೆ?" ಅಂದೆ.

"ನನ್ಗೂ ಅರವತ್ತೆರಡಾಯ್ತಲ್ಲ. ನಿನ್ ನಂತ್ರ ಯಾರು ಮಾಡ್ತಾರೆ ಅಂತ ಕೇಳಿದ್ರು. ನಾನೇನ್ ಹೇಳ್ಲಿ?"

ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. ಅಪ್ಪ ಬೈಯಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ "ಉಳಿ ಮುಟ್ಬೇಡ, ಕೈ ಕುಯ್ಕೊಂಡ್ರೆ ಪರೀಕ್ಷೆ ಹೆಂಗೆ ಬರೀತೀಯ, ಹೋಗಿ ಓದ್ಕೋ" ಎಂದು ಅಟ್ಟುತ್ತಿದ್ದವನೂ ಅವನೇ. ಓದಿದೆ. ಬಿಇ ಆಯ್ತು. ಒಬ್ಬನೇ ಮಗ ನಾನು. ಮರದಲ್ಲಿ ಒಂದು ಬೆಣೆ ಕೂಡ ಸರಿಯಾಗಿ ಕೆತ್ತೋಕೆ ಬರಲ್ಲ.

ಮುಂದಿನ ಶನಿವಾರ ಆಫೀಸಿನ ಜಪಾನಿ ಗೆಳೆಯನೊಬ್ಬ "ಇಸೆಗೆ ಹೋಗೋಣ ಬಾ, ಈ ವರ್ಷ ಬಿಟ್ಟರೆ ಇನ್ನು 2033ಕ್ಕೇ" ಎಂದು ಕರೆದ. ನಗೋಯಾದಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಇಸೆ ಜಪಾನಿನ ಶಿಂತೋ ಧರ್ಮದ ಅತಿ ದೊಡ್ಡ ಕ್ಷೇತ್ರ. ಒಳಗುಡಿಯಲ್ಲಿ ಸೂರ್ಯದೇವತೆ ಅಮತೆರಾಸು. ಚಕ್ರವರ್ತಿಯ ವಂಶಕ್ಕೆ ಅವಳೇ ಮೂಲ ಎಂಬ ನಂಬಿಕೆ. ಅಲ್ಲಿಂದ ಕೆಲವು ಕಿಲೋಮೀಟರ್ ದೂರದ ಹೊರಗುಡಿಯಲ್ಲಿ ಅನ್ನದ ದೇವತೆ ತೊಯೊಉಕೆ. ಈ ಎರಡೂ ಗುಡಿಗಳನ್ನು 20 ವರ್ಷಕ್ಕೊಮ್ಮೆ ಪಕ್ಕದ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟಿ, ದೇವರನ್ನು ಅಲ್ಲಿಗೆ ಕರೆದೊಯ್ದು, ಹಳೆಯದನ್ನು ಬಿಚ್ಚಿಬಿಡುತ್ತಾರೆ. ನಾವು ಹೋಗುವ ಹಿಂದಿನ ತಿಂಗಳಷ್ಟೇ 62ನೇ ಸಲ ಆಗಿತ್ತು.

ಬೇಲಿಯಾಚೆ ಕಾಣುವುದು ಸೂರು ಮಾತ್ರ. ಆದರೆ ಆ ವರ್ಷ ಎರಡೂ ಸೂರು ಅಕ್ಕಪಕ್ಕದಲ್ಲಿದ್ದವು. ಒಂದು ಹೊಸ ಹಿನೋಕಿ ಮರದ್ದು, ಹೊನ್ನಿನ ಬಣ್ಣ. ಇನ್ನೊಂದು ಕಪ್ಪಾಗಿ, ಹುಲ್ಲಿಗೆ ಪಾಚಿ ಹತ್ತಿ, ಮಳೆ ತಿಂದ ಹಟ್ಟಿಯ ಹಾಗೆ. ಕಂಬಗಳನ್ನು ಕಲ್ಲಿನ ಮೇಲೆ ನಿಲ್ಲಿಸದೆ ನೇರವಾಗಿ ಮಣ್ಣಿಗೇ ಹೂಳುತ್ತಾರೆ ಎಂದ ಗೆಳೆಯ. ಅವರಿಗೆ ಕಲ್ಲಿನ ವಿದ್ಯೆ ಗೊತ್ತಿರಲಿಲ್ಲ ಅಂತಲ್ಲ. ನಾರಾ ಪಕ್ಕದ ಹೊರ್ಯೂಜಿ ಬೌದ್ಧ ದೇಗುಲ ಕಲ್ಲಿನ ಅಡಿಪಾಯದ ಮೇಲೆ ಸುಮಾರು 1,300 ವರ್ಷಗಳಿಂದ ಹಾಗೇ ನಿಂತಿದೆ. ಇಸೆಯವರು ಗೊತ್ತಿದ್ದೂ ಮಣ್ಣಿಗೇ ಅಂಟಿಕೊಂಡರು. ಕಂಬ ಲಡ್ಡಾಗುತ್ತದೆ, ಆದ್ದರಿಂದ ಮತ್ತೆ ಕಟ್ಟಲೇಬೇಕು.

"ಇಪ್ಪತ್ತನೇ ವಯಸ್ಸಲ್ಲಿ ನೋಡಿ ಕಲಿ, ನಲವತ್ತಕ್ಕೆ ನೀನೇ ಮಾಡು, ಅರವತ್ತಕ್ಕೆ ಕಲಿಸು" ಎಂದು ಗೆಳೆಯ ಲೆಕ್ಕ ಒಪ್ಪಿಸಿದ. ನನಗೆ ಹೊಟ್ಟೆಯಲ್ಲಿ ಏನೋ ಆಯ್ತು. ಅಪ್ಪನಿಗೆ ಅರವತ್ತೆರಡು, ನನಗೆ ಮೂವತ್ನಾಲ್ಕು. ಕಲಿಸುವ ವಯಸ್ಸಿನವನು ಊರಲ್ಲಿ, ಮಾಡುವ ವಯಸ್ಸಿನವನು ಇಲ್ಲಿ, ಕೈಯಲ್ಲಿ ಲ್ಯಾಪ್‌ಟಾಪ್. ಇವರದು 690ರಲ್ಲಿ ಜಿತೋ ಎಂಬ ಮಹಾರಾಣಿಯ ಕಾಲದಿಂದ ಬಂದ ಸರಪಳಿ, ನಮ್ಮದು ನನ್ನಲ್ಲಿಗೇ ಮುಗಿಯಿತು ಅನ್ನಿಸಿತು.

ರೂಮಿಗೆ ಬಂದು ಓದಲು ಕೂತೆ. ಆಗ ಗೊತ್ತಾಗಿದ್ದು, ಈ ಸರಪಳಿ ಹರಿದಿತ್ತು! ಹೊರಗುಡಿಯನ್ನು 1434ರಲ್ಲಿ ಕಟ್ಟಿದ ಮೇಲೆ ಮತ್ತೆ ಕಟ್ಟಿದ್ದು 1563ರಲ್ಲಿ. 129 ವರ್ಷ! ಒಳಗುಡಿಯದೂ 1462ರಿಂದ 1585ರವರೆಗೆ 123 ವರ್ಷ ನಿಂತುಹೋಗಿತ್ತು.

ಕಾರಣ ರಾಜಕೀಯ. ಗುಡಿಯ ಖರ್ಚು ನಡೆಯುತ್ತಿದ್ದದ್ದು ಚಕ್ರವರ್ತಿಯ ಆಸ್ಥಾನದಿಂದ, ಅದು ಎತ್ತುವ ತೆರಿಗೆಯಿಂದ. ಹನ್ನೆರಡನೇ ಶತಮಾನದ ಕೊನೆಯಿಂದ ಅಧಿಕಾರ ಸಮುರಾಯ್‌ಗಳ ಕೈಗೆ ಜಾರಿತು. 1467ರಿಂದ 1477ರವರೆಗೆ ನಡೆದ ಓನಿನ್ ಯುದ್ಧದಲ್ಲಿ ಕ್ಯೋಟೋ ಸುಟ್ಟು ಬೂದಿಯಾಯ್ತು. ಆಮೇಲೆ ನೂರು ವರ್ಷ ಪಾಳೇಗಾರರ ಕಾದಾಟ. ಚಕ್ರವರ್ತಿ ಹೆಸರಿಗೆ ಮಾತ್ರ. ಅವನ ಕುಲದೇವತೆಯ ಸೂರು ಸೋರುತ್ತಿದ್ದರೆ ಕೇಳುವವರು ಯಾರು?

ಕೇಳಿದವರು ಬೌದ್ಧ ಸನ್ಯಾಸಿನಿಯರು! ಇದು ಎಷ್ಟು ವಿಚಿತ್ರ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬೌದ್ಧ ಧರ್ಮ ಕೊರಿಯಾ ಮೂಲಕ ಜಪಾನಿಗೆ ಬಂದದ್ದು ಆರನೇ ಶತಮಾನದಲ್ಲಿ. ಅದು ಆಸ್ಥಾನದಲ್ಲಿ ಎಷ್ಟು ಬೇರುಬಿಟ್ಟಿತೆಂದರೆ, 752ರಲ್ಲಿ ನಾರಾದ ತೊದೈಜಿಯ ಮಹಾಬುದ್ಧನಿಗೆ ಕಣ್ಣು ಬರೆದದ್ದು ನಮ್ಮ ಭಾರತದಿಂದ ಚೀನಾ ದಾಟಿ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ನಮ್ಮ ಸರಸ್ವತಿಯೂ ಬೌದ್ಧರ ಜೊತೆ ಹೋಗಿ ಅಲ್ಲಿ ಬೆನ್‌ಜೈತೆನ್ ಆದಳು. ಹಳೆಯ ದೇವರುಗಳೂ ಬುದ್ಧನೂ ಒಂದೇ ಅಂಗಳದಲ್ಲಿ ಸಾವಿರ ವರ್ಷ ಬಾಳಿದರು. ಇಸೆ ಮಾತ್ರ ಮಡಿ ಮಡಿ. ಅಲ್ಲಿ ಬೌದ್ಧ ಪದಗಳನ್ನೇ ಆಡುವಂತಿರಲಿಲ್ಲ. ತಲೆ ಬೋಳಿಸಿದ ಭಿಕ್ಷುವನ್ನು 'ಉದ್ದಗೂದಲಿನವ' ಅನ್ನಬೇಕಿತ್ತು!

ಇಂಥ ಕಡೆ ಸೇಜುನ್ ಎಂಬ ಸನ್ಯಾಸಿನಿ ಪಾಳೇಗಾರರ ಊರೂರು ತಿರುಗಿ ಚಂದಾ ಎತ್ತಿದಳು. ಮೊದಲು ಗುಡಿಯ ಮುಂದಿನ ನದಿಗೆ ಸೇತುವೆ, ಆಮೇಲೆ 1563ರಲ್ಲಿ ಹೊರಗುಡಿ. ಅವಳ ಮಠಕ್ಕೆ ಚಕ್ರವರ್ತಿ ಕೇಯ್ಕೋಯಿನ್ ಎಂಬ ಬಿರುದು ಕೊಟ್ಟ. ಅವಳ ನಂತರ ಪೀಠಕ್ಕೆ ಬಂದ ಶೂಯೋ ಎಂಬುವಳು ಒಳಗುಡಿಗೂ ಓಡಾಡಿದಳು. ದೇಶವನ್ನು ಒಂದುಮಾಡಲು ಹೊರಟಿದ್ದ ನೊಬುನಾಗಾ ದುಡ್ಡು ಕೊಟ್ಟ. ಅವನ ನಂತರ ಹಿದೆಯೋಶಿ ಕೊಟ್ಟ. 1585ರಲ್ಲಿ ಎರಡೂ ಗುಡಿ ಎದ್ದವು.

ಮುಂದಿನ ಕಥೆ ಕೇಳಿ. ತೊಕುಗಾವಾ ಶೋಗನ್‌ಗಳು ಇನ್ನೂರೈವತ್ತು ವರ್ಷ ಖರ್ಚು ನೋಡಿಕೊಂಡರು. 1853ರಲ್ಲಿ ಅಮೆರಿಕದ ಹಡಗುಗಳು ಬಂದವು, ಶೋಗನ್‌ಗಿರಿ ಅಲ್ಲಾಡಿತು. 1868ರಲ್ಲಿ ಮೇಜಿ ಚಕ್ರವರ್ತಿಯ ಹೊಸ ಸರ್ಕಾರ ಬಂತು. ಅದಕ್ಕೆ 'ಶುದ್ಧ' ಶಿಂತೋ ಬೇಕಿತ್ತು. ದೇವರು ಬೇರೆ ಬುದ್ಧ ಬೇರೆ ಎಂದು ಕಾನೂನು ಮಾಡಿತು. ದೇಶದ ತುಂಬ ಬೌದ್ಧ ವಿಗ್ರಹಗಳು ಒಡೆದವು. ನಾರಾದ ಕೊಫುಕುಜಿ ದೇಗುಲದ ಭಿಕ್ಷುಗಳು ಶಿಂತೋ ಅರ್ಚಕರಾಗಬೇಕಾಯ್ತು. ಮರುವರ್ಷವೇ ಕೇಯ್ಕೋಯಿನ್ ಮಠವೂ ಮುಚ್ಚಿತು. ಹರಿದ ಸರಪಳಿಯನ್ನು ಗಂಟು ಹಾಕಿದ ಹೆಂಗಸರ ಮಠಕ್ಕೇ ಇಸೆಯಲ್ಲಿ ಜಾಗವಿಲ್ಲ! ಅದರ ಕಟ್ಟಡ ಈಗ ಗುಡಿಯ ವಶದಲ್ಲಿದೆ.

ಗುಡಿ ಸರ್ಕಾರದ್ದಾಯ್ತು, ಚಕ್ರವರ್ತಿ ದೇವರಾದ, ದೇವರ ಹೆಸರಲ್ಲಿ ಯುದ್ಧವಾಯ್ತು. 1945ರಲ್ಲಿ ಸೋತರು. ಅಮೆರಿಕನ್ನರು ಗುಡಿಗೂ ಸರ್ಕಾರಕ್ಕೂ ಇದ್ದ ನಂಟು ಕಡಿದರು. 1949ಕ್ಕೆ ಆಗಬೇಕಿದ್ದದ್ದು ಮುಂದಕ್ಕೆ ಹೋಗಿ, 1953ರಲ್ಲಿ ಜನರ ಚಂದಾ ದುಡ್ಡಿನಿಂದ ಆಯ್ತು. ಮತ್ತೆ ಸೇಜುನ್ ದಾರಿಗೇ ಬಂದರು ಅಂದುಕೊಂಡೆ.

ಅಂದರೆ ಒಂದೇ ನೇರ ದಾರ ಅಂತ ಯಾವುದೂ ಇಲ್ಲ. ಹರಿದಿದೆ, ಗಂಟು ಬಿದ್ದಿದೆ. ಗಂಟು ಹಾಕಿದವರು ಬಹಳ ಸಲ ಆ ಮನೆಯವರೂ ಅಲ್ಲ.

ಅಪ್ಪನಿಗೆ ಫೋನಿನಲ್ಲಿ ಇದೆಲ್ಲ ಹೇಳಿದೆ. ರಾಜರ ಕಥೆಗೆ "ಹ್ಞೂಂ" ಅಂದ. ಕಂಬದ ವಿಷಯ ಬಂದಾಗ ದನಿ ಬದಲಾಯ್ತು.

"ಮಣ್ಣಿಗೇ ಹೂಳ್ತಾರಾ? ಹಂಗಾದ್ರೆ ಇಪ್ಪತ್ತೊರ್ಷಕ್ಕೆ ಬದಲಾಯಿಸ್ಲೇಬೇಕು ಬಿಡು." ಸ್ವಲ್ಪ ತಡೆದು, "ಅಲ್ಲ, ನೂರಿಪ್ಪತ್ತೊರ್ಷ ಬಿಟ್ರೆ ಕೈಕೆಲಸ ಯಾರಿಗೆ ನೆನಪಿರ್ತದೆ? ಅದೇ ಥರ ಬಂತಾ?"

"ಪೂರ್ತಿ ಬರ್ಲಿಲ್ವಂತೆ. ಕೆಲವು ಕಟ್ಟಡದ ಜಾಗಾನೂ ಹೆಚ್ಚುಕಮ್ಮಿ ಆಯ್ತಂತೆ. ಎಷ್ಟೋ ಕಾಲದ ಮೇಲೆ ಸರಿ ಮಾಡಿದ್ರಂತೆ."

"ತಪ್ಪಾದ್ರೂ ಕಟ್ಟಿದ್ರಲ್ಲ" ಅಂದ ಅಪ್ಪ.

ಜಾತ್ರೆಗೆ ಊರಿಗೆ ಹೋದೆ. ಕಬ್ಬಿಣದ ಚಕ್ರ ಬಂದಿತ್ತು, ತೇರು ಚೆನ್ನಾಗಿಯೇ ಎಳೆಯಿತು, ಸುಳ್ಳು ಯಾಕೆ ಹೇಳಲಿ. ಹಳೆಯ ಮರದ ಚಕ್ರ ಗುಡಿ ಹಿಂದೆ ಬೇವಿನ ಮರಕ್ಕೆ ಒರಗಿಸಿದ್ದರು. ನೋಟ್‌ಬುಕ್ ತೆಗೆದು ಗುಂಬ, ಅರೆಕಾಲು, ಹೊರಸುತ್ತು ಒಂದೊಂದರ ಅಳತೆ ಬರೆದುಕೊಳ್ಳತೊಡಗಿದೆ. ಅಪ್ಪ ಸ್ವಲ್ಪ ಹೊತ್ತು ನೋಡಿದ.

"ಬರ್ಕೊಂಡ್ರೆ ಬರಲ್ಲ ಕಣೋ. ಉಳಿ ಹಿಡಿ."

ಆಗಿನಿಂದ ತಿಂಗಳಿಗೊಂದು ಶನಿವಾರ ಊರಿಗೆ ಹೋಗುತ್ತೇನೆ. ಇಲ್ಲಿಯವರೆಗೆ ಮೂರು ಅರೆಕಾಲು ಕೆತ್ತಿದ್ದೇನೆ. ಎರಡನೆಯದು ಸೀಳು ಬಿಟ್ಟಿತು. ಮೂರನೆಯದನ್ನು ಅಪ್ಪ ತಿರುಗಿಸಿ ತಿರುಗಿಸಿ ನೋಡಿ, ಏನೂ ಹೇಳದೆ ಮೂಲೆಗೆ ಒರಗಿಸಿಟ್ಟ. ಒಲೆಗೆ ಹಾಕಲಿಲ್ಲ.