ಅಪ್ಪನ ಸೀಟಿ

ಚಿಂಚೋಳಿಯ ಪ್ರೌಢಶಾಲೆಯಲ್ಲಿ ನನ್ನ ಬಳಿ ಕಲಿತವರಿಗೆ ಒಂದು ಸಂಗತಿ ನೆನಪಿರಬಹುದು. ಉಗಿಯಂತ್ರದ ಪಾಠ ಬಂದ ದಿನ ನಾನು ಕಪ್ಪುಹಲಗೆಯ ಮೇಲೆ ಸಿಲಿಂಡರು, ಪಿಸ್ಟನ್ನುಗಳನ್ನು ಬರೆದು ಮುಗಿಸಿದ ಮೇಲೆ, ಬಾಯಿಂದಲೇ ಇಂಜಿನ್ನಿನ ಸದ್ದು ಮಾಡಿ ತೋರಿಸುತ್ತಿದ್ದೆ. ಚಿಂಚೋಳಿಗೆ ರೈಲಿಲ್ಲ, ಮಕ್ಕಳಲ್ಲಿ ಅನೇಕರು ಉಗಿಬಂಡಿಯನ್ನು ಕಂಡವರಲ್ಲ. ಹುಡುಗರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಹಾಗೆ ನಕ್ಕವರಲ್ಲಿ ಒಬ್ಬನು ಈಗ ಅಮೆರಿಕದಲ್ಲಿದ್ದಾನೆ. ಎರಡು ವರ್ಷಗಳ ಹಿಂದೆ ಸೇಡಂನ ನಮ್ಮ ಮನೆಗೆ ಬಂದವನು ಒಂದು ಪೆಟ್ಟಿಗೆಯನ್ನು ಕೈಗಿತ್ತು, “ಸರ್, ಇನ್ನ ಬಾಯಿಲೆ ಸದ್ದು ಮಾಡೂದು ಬ್ಯಾಡ್ರಿ” ಎಂದನು.

ಪೆಟ್ಟಿಗೆಯಲ್ಲಿದ್ದುದು ಅಂಗೈ ಮೇಲೆ ನಿಲ್ಲುವ ಒಂದು ಉಗಿ ಇಂಜಿನ್; ನಿಜದ ಗಾತ್ರದ 87ನೇ ಒಂದು ಪಾಲು. ಜೊತೆಗೆ ಹಳಿಗಳು, ಕೈಯಲ್ಲಿ ಹಿಡಿಯುವ ನಿಯಂತ್ರಕ, ಬೆರಳುಗುರಿನಷ್ಟು ಸ್ಪೀಕರ್ ಮತ್ತು ಡಿಕೋಡರ್ ಎನ್ನುವ ಎರಡು ಪುಟ್ಟ ಚಿಪ್ಪುಗಳು. ಎರಡೇಕೆ ಎಂದು ಕೇಳಿದ್ದಕ್ಕೆ ಉತ್ತರ ಕೊಡದೆ ನಕ್ಕನು. ಉತ್ತರ ನನಗೆ ಮುಂದಿನ ವಾರ ತಿಳಿಯಿತು.

ಇಂಜಿನ್ ಅಮೆರಿಕದ್ದು. ಆದರೆ ಮುಂದೆ ಎರಡು, ನಡುವೆ ಎಂಟು, ಹಿಂದೆ ಎರಡು ಚಕ್ರಗಳಿದ್ದುದರಿಂದ ನೋಡಿದೊಡನೆ ನನಗೆ ನಮ್ಮ ಡಬ್ಲ್ಯುಜಿ ನೆನಪಾಯಿತು. 1950ರಿಂದ 1970ರವರೆಗೆ ಭಾರತೀಯ ರೈಲ್ವೆಗಾಗಿ ಇಂಥ 2,450 ಗೂಡ್ಸ್ ಇಂಜಿನ್ನುಗಳು ತಯಾರಾದವು. ಅವುಗಳಲ್ಲಿ ಕೆಲವನ್ನು ನಮ್ಮಪ್ಪ ಓಡಿಸಿದ್ದರು.

ನಾವಿದ್ದುದು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಮುಂಬೈ–ಮದ್ರಾಸ್ ಮಾರ್ಗದಿಂದ ಸಿಕಂದರಾಬಾದಿಗೆ 1874ರಲ್ಲಿ ನಿಜಾಮರ ಕಾಲದ ಹಳಿ ಕವಲೊಡೆದದ್ದು ಇಲ್ಲಿಯೇ. ಸೇಡಂ, ಚಿತ್ತಾಪುರಗಳ ಕಡೆಯಿಂದ ಗೂಡ್ಸ್ ತರುವಾಗ ಅಪ್ಪ ಊರ ಹೊರಗೆ ಹಾಕಲೇಬೇಕಾದ ಉದ್ದನೆಯ ಸೀಟಿಯನ್ನು ಹಾಕುತ್ತಿದ್ದರು. ಒಂದು ಉಸಿರಿನಷ್ಟು ಬಿಟ್ಟು, ಕೊನೆಗೆ ಒಂದು ಚಿಕ್ಕ ತುಣುಕು. ಉದ್ದನೆಯದು ರೈಲ್ವೆಗೆ, ತುಣುಕು ಮನೆಗೆ. ಅದು ಕಿವಿಗೆ ಬಿದ್ದೊಡನೆ ಅವ್ವ ಎದ್ದು ಸ್ನಾನದ ನೀರು ಕಾಯಿಸಲು ಒಲೆ ಹೊತ್ತಿಸುತ್ತಿದ್ದಳು. ಕಲ್ಲಿದ್ದಲ ಮಸಿ ತಣ್ಣೀರಿಗೆ ಹೋಗುವುದಿಲ್ಲ. ಅಪ್ಪ ತೀರಿಹೋದದ್ದು 2003ರಲ್ಲಿ. ದೇಶದ ಬ್ರಾಡ್‌ಗೇಜಿನಲ್ಲಿ ನಿತ್ಯದ ಉಗಿಬಂಡಿ ನಿಂತುಹೋದದ್ದು ಅದಕ್ಕೂ ಮೊದಲು, 1995ರ ಡಿಸೆಂಬರಿನಲ್ಲಿ. ಅವ್ವನಿಗೆ ಈಗ 88.

ಇನ್ನು ನನ್ನ ಪ್ರಯೋಗಕ್ಕೆ ಬರುತ್ತೇನೆ. ಹಳೆಯ ಆಟಿಕೆ ರೈಲುಗಳಲ್ಲಿ ಹಳಿಯ ವಿದ್ಯುತ್ತನ್ನು ಹೆಚ್ಚು–ಕಡಿಮೆ ಮಾಡಿ ವೇಗವನ್ನು ಬದಲಿಸುತ್ತಾರೆ. ಡಿಜಿಟಲ್ ಪದ್ಧತಿಯಲ್ಲಿ ಹಳಿಯಲ್ಲಿ ಸದಾ ಪೂರ್ಣ ವಿದ್ಯುತ್ತಿರುತ್ತದೆ. ಆಜ್ಞೆಗಳು ಸಂಕೇತಗಳಾಗಿ ಅದರೊಂದಿಗೇ ಹರಿಯುತ್ತವೆ. ಪ್ರತಿ ಇಂಜಿನ್ನಿಗೂ ಹಾಜರಿ ಪುಸ್ತಕದ ಕ್ರಮಸಂಖ್ಯೆಯಂತೆ ಒಂದು ಸಂಖ್ಯೆ. ತನ್ನ ಸಂಖ್ಯೆಯನ್ನು ಕೂಗಿದಾಗ ಮಾತ್ರ ಡಿಕೋಡರ್ ಓಗೊಡುತ್ತದೆ. ಮೋಟಾರನ್ನು ತಿರುಗಿಸುತ್ತದೆ, ತನ್ನಲ್ಲಿ ಅಡಗಿಸಿಟ್ಟ ಧ್ವನಿಯನ್ನು ನುಡಿಸುತ್ತದೆ. ಇದೆಲ್ಲ ಸರಿಯಾಗಿ ನಡೆಯಬೇಕಾದರೆ ಮೋಟಾರಿನ ಎರಡು ತುದಿಗಳೂ ಹಳಿಯಿಂದ ಸಂಪೂರ್ಣ ಬೇರ್ಪಟ್ಟಿರಬೇಕು. ಆ ಹಳೆಯ ಮಾದರಿಯಲ್ಲಿ ಒಂದು ತುದಿ ಲೋಹದ ಚೌಕಟ್ಟಿಗೆ ತಾಗಿತ್ತು. ಮೂವತ್ತು ವರ್ಷ ವಿದ್ಯುನ್ಮಂಡಲ ಕಲಿಸಿದ ನಾನು ಅದನ್ನು ಪರೀಕ್ಷಿಸಲಿಲ್ಲ. ಸಣ್ಣ ಹೊಗೆ, ಕೆಟ್ಟ ವಾಸನೆ. ಮೊದಲನೆಯ ಡಿಕೋಡರ್ ಮುಗಿಯಿತು. ಶಿಷ್ಯನು ಗುರುವನ್ನು ಸರಿಯಾಗಿಯೇ ಅಳೆದಿದ್ದನು!

ಎರಡನೆಯದು ಬದುಕಿತು. ಸ್ಪೀಕರನ್ನು ಹಿಂದಿನ ಟೆಂಡರಿನಲ್ಲಿ, ಕಲ್ಲಿದ್ದಲು ತುಂಬುವ ಜಾಗದಡಿ ಕೂರಿಸಿದೆ. ಬರಿಯ ಸ್ಪೀಕರ್ ಸೊಳ್ಳೆಯಂತೆ ಗುಂಯ್‌ಗುಡುತ್ತದೆ. ಅದರ ಮುಂಬದಿಯ ಅಲೆಯನ್ನು ಹಿಂಬದಿಯ ಅಲೆ ಅಳಿಸಿಹಾಕುವುದೇ ಕಾರಣ. ಬೆನ್ನಿಗೆ ಗಾಳಿಯಾಡದ ಸಣ್ಣ ಡಬ್ಬಿ ಅಂಟಿಸಿದೊಡನೆ ದನಿಗೆ ಮೈ ಬಂತು. ಹಲಗೆಯ ಮೇಲೆ ಓಡಿಸಿದರೆ ಮೋಟಾರಿನ ಗರಗರವೇ ಮೇಲಾಗುತ್ತಿತ್ತು. ಹಳಿಯನ್ನು ನಡುಮನೆಯ ಶಹಾಬಾದ್ ಫರಸಿಯ ಮೇಲೆ ಹಾಸಿದೆ, ಅದಡಗಿತು. ಸಿಮೆಂಟ್ ಕಾರ್ಖಾನೆಗಳ ನಡುವಿನ ನಮ್ಮೂರಿನ ಧೂಳು ಮಾತ್ರ ಬಿಡಲೊಲ್ಲದು. ಹಳಿಯ ಮೇಲೆ ಕೂತು ವಿದ್ಯುತ್ತನ್ನು ತಡೆದು, ಸದ್ದನ್ನು ತುಂಡರಿಸುತ್ತದೆ. ಅದಕ್ಕೊಂದು ಕೆಪಾಸಿಟರ್ ಜೋಡಿಸಿದೆ. ಜೊತೆಗೆ ದಿನವೂ ಬಟ್ಟೆಯಿಂದ ಹಳಿ ಒರೆಸುವ ಕೆಲಸ ಮೊಮ್ಮಗನದು.

ಭುಸ್‌ಭುಸ್ ಸದ್ದಿಗೂ ಲೆಕ್ಕವಿದೆ. ಎರಡು ಸಿಲಿಂಡರಿನ ಇಂಜಿನ್ನಿನಲ್ಲಿ ಚಕ್ರ ಒಮ್ಮೆ ಸುತ್ತಿದರೆ ನಾಲ್ಕು ಸಲ ಉಗಿ ಹೊರಬೀಳುತ್ತದೆ. ಡಬ್ಲ್ಯುಜಿಯ ಚಾಲಕ ಚಕ್ರದ ವ್ಯಾಸ ಸುಮಾರು 1.56 ಮೀಟರ್. ಗಂಟೆಗೆ 10 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಎರಡಕ್ಕಿಂತ ತುಸು ಹೆಚ್ಚು ಭುಸ್, 40ರಲ್ಲಿ ಸುಮಾರು 9. (ನನ್ನ ಹಳೆಯ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬೇಕು, ಉತ್ತರ ಕೊಟ್ಟಿದ್ದೇನೆಂದು ಬಿಡಬೇಡಿ.) ಡಿಕೋಡರಿನ ಅಂಕಿಗಳನ್ನು ತಿದ್ದಿ ತಿದ್ದಿ ಚಕ್ರಕ್ಕೂ ಸದ್ದಿಗೂ ತಾಳ ಕೂಡಿಸಲು ನನಗೆ ನಾಲ್ಕು ಸಂಜೆಗಳು ಬೇಕಾದವು.

ಹೆಮ್ಮೆಯಿಂದ ಅವ್ವನನ್ನು ಕರೆದು ಕೂರಿಸಿದೆ. ಇಂಜಿನ್ ಹೊರಟಿತು. ಮೊದಲು ಗಂಟೆ ಬಾರಿಸಿತು. ಅಮೆರಿಕದ ಇಂಜಿನ್ನುಗಳಿಗೆ ಗಂಟೆಯುಂಟು. ಆಮೇಲೆ ಹಲವು ಸ್ವರಗಳು ಒಟ್ಟಿಗೆ ಮೊಳಗುವ ಆ ದೇಶದ ಸೀಟಿ.

“ಗಾಡಿ ಬರ್ಲಾಕತ್ಯಾದೋ, ಗುಡ್ಯಾಗ ಮಂಗಳಾರತಿ ನಡದದೋ ತಮ್ಮಾ?” ಎಂದು ಕೇಳಿ ಅವ್ವ ಎದ್ದುಹೋದಳು.

ಶಿಷ್ಯನಿಗೆ ತಿಳಿಸಿದೆ. ಸಂಗ್ರಹಿಸಿದ ಧ್ವನಿಯನ್ನು ಅಳಿಸಿ ಬೇರೆಯದನ್ನು ತುಂಬಬಹುದಾದ ಡಿಕೋಡರುಗಳಿವೆಯಂತೆ. ಆದರೆ ನಮ್ಮ ಧ್ವನಿಯನ್ನು ತರುವುದೆಲ್ಲಿಂದ? ದೆಹಲಿಯಲ್ಲಿರುವ ಇನ್ನೊಬ್ಬ ಶಿಷ್ಯನು ಹರಿಯಾಣದ ರೇವಾರಿಗೆ ಹೋಗಿ, ಅಲ್ಲಿ ಉಗಿಯೇರಿಸಿ ನಿಲ್ಲಿಸಿದ್ದ ಡಬ್ಲ್ಯುಪಿ ಇಂಜಿನ್ನಿನ ದನಿಯನ್ನು ಮೊಬೈಲಿನಲ್ಲಿ ಹಿಡಿದು ಕಳುಹಿಸಿದನು. ಡಬ್ಲ್ಯುಪಿ ಪ್ರಯಾಣಿಕರ ಗಾಡಿಯ ಇಂಜಿನ್ನಾದರೂ ಅದರ ಹಲವು ಭಾಗಗಳನ್ನೇ ಡಬ್ಲ್ಯುಜಿಗೂ ಬಳಸಿದ್ದರು. ಅಮೆರಿಕದವನು ಅದನ್ನು ಶುದ್ಧಗೊಳಿಸಿ, ಹೊಸ ಡಿಕೋಡರಿಗೆ ತುಂಬಿ, ಊರಿಗೆ ಬರುವವರ ಕೈಯಲ್ಲಿ ಕೊಟ್ಟನು. ಸೀಟಿಯನ್ನು ಮೂರು ಭಾಗ ಮಾಡಿದ್ದನು: ಆರಂಭ, ನಡು, ಅಂತ್ಯ. ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ನಡುಭಾಗವು ಮರುಕಳಿಸುತ್ತಲೇ ಇರುತ್ತದೆ; ಬಿಟ್ಟರೆ ನಿಲ್ಲುತ್ತದೆ.

ಅವ್ವನನ್ನು ಮತ್ತೆ ಕೂರಿಸಿದೆ. ಗಂಟೆಯಿಲ್ಲ, ಒಂದೇ ಚೂಪಾದ ದನಿ. ಅವಳು ಈ ಸಲ ನಗಲಿಲ್ಲ. ನಾನು ಇನ್ನೊಮ್ಮೆ ಒತ್ತಿದೆ, ಮತ್ತೊಮ್ಮೆ ಒತ್ತಿದೆ.

“ಸೀಟಿ ಖರೇ ಅದ. ಹಾಕಾಂವ ಬ್ಯಾರೆ ಅದಾನ” ಎಂದಳು.

ನಾನು ಸೋತು ನಿಯಂತ್ರಕವನ್ನು ಅವಳ ಕೈಗಿಟ್ಟು ಗುಂಡಿಯನ್ನು ತೋರಿಸಿದೆ. ಮೊದಲ ಸಲ ಬೆರಳು ಜಾರಿತು. ಎರಡನೆಯ ಸಲ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿದಳು. ನನಗೆ ಅತಿಯಾಯಿತೆನಿಸುವಷ್ಟು ಹೊತ್ತು ಬಿಡಲೇ ಇಲ್ಲ. ಬಿಟ್ಟಳು. ಒಂದು ಉಸಿರಿನಷ್ಟು ತಡೆದು, ಮತ್ತೆ ಮುಟ್ಟಿ ಮುಟ್ಟದಂತೆ ಒಂದು ತುಣುಕು.

ಇಬ್ಬರೂ ಮಾತಾಡಲಿಲ್ಲ. ಇಂಜಿನ್ ಫರಸಿಯ ಮೇಲೆ ತನ್ನ ಪಾಡಿಗೆ ಸುತ್ತುತ್ತಿತ್ತು. ಅವ್ವ ನಿಯಂತ್ರಕವನ್ನು ಕೆಳಗಿಟ್ಟು, ಅಡುಗೆಮನೆಯ ಕಡೆಗೆ ಮುಖ ಮಾಡಿ, “ನೀರ ಇಟ್ಟೇನವಾ?” ಎಂದು ಕೂಗಿದಳು. ನನ್ನ ಹೆಂಡತಿ ಚಹಾಕ್ಕೆಂದು ತಿಳಿದು, “ಇಟ್ಟೀನ್ರಿ ಅತ್ತಿ” ಎಂದಳು.