ಸೊನ್ನೆ ಪಡೆದ ಹನ್ನೆರಡು ತೆಂಗಿನ ಸಸಿ

ಲ.ಸಾ.ಅ. ಮತ್ತು ಮ.ಸಾ.ಅ. ಈ ಎರಡು ಹೆಸರು ಕಿವಿಗೆ ಬಿದ್ದರೆ ಈಗಲೂ ಮುಖ ಕಿವುಚುವ ಅಪ್ಪ ಅಮ್ಮಂದಿರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಲಘುತಮ ಸಾಮಾನ್ಯ ಅಪವರ್ತ್ಯ, ಮಹತ್ತಮ ಸಾಮಾನ್ಯ ಅಪವರ್ತನ ಎಂದು ಬಿಡಿಸಿ ಹೇಳಿದರಂತೂ ಮುಗಿಯಿತು, ಮಗು ಪುಸ್ತಕ ಮುಚ್ಚಿ ಆಟಕ್ಕೆ ಓಡುತ್ತದೆ. ಮೂವತ್ತು ವರ್ಷಗಳಿಂದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ವಿಜ್ಞಾನದ ಜೊತೆಗೆ ಗಣಿತವನ್ನೂ ಪಾಠ ಮಾಡಿಕೊಂಡು ಬಂದವನು ನಾನು. ಇದರಲ್ಲಿ ಮಕ್ಕಳ ತಪ್ಪಿಗಿಂತ ನಮ್ಮಂಥ ಮೇಷ್ಟ್ರುಗಳ ತಪ್ಪೇ ಹೆಚ್ಚು ಎಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು. ತಿಳಿಸಿಕೊಟ್ಟವನು ನನ್ನಿಂದಲೇ ಸೊನ್ನೆ ಪಡೆದ ಒಬ್ಬ ಹುಡುಗ.

1994ರ ಮಾತು. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಹೊಸ ಬಿಸಿ, ಕೈಯಲ್ಲಿ ಬೆತ್ತ. ಎಂಟನೆಯ ತರಗತಿಯ ಕಿರುಪರೀಕ್ಷೆಗೆ ನಾನೇ ಒಂದು ಲೆಕ್ಕ ಹೆಣೆದೆ. ತೆಂಗಿನ ಸೀಮೆಯ ಮಕ್ಕಳಿಗೆ ತೆಂಗಿನ ಲೆಕ್ಕವೇ ಇರಲಿ ಎಂಬ ಹೆಮ್ಮೆ ಬೇರೆ. "126 ಅಡಿ ಉದ್ದ, 90 ಅಡಿ ಅಗಲದ ಒಂದು ಜಮೀನಿದೆ. ಮೂಲೆಯಿಂದ ಮೂಲೆಗೆ, ಎರಡೂ ಕಡೆ ಒಂದೇ ಅಂತರ ಬರುವಂತೆ ತೆಂಗಿನ ಸಸಿ ನೆಡಬೇಕು. ಅತಿ ಹೆಚ್ಚೆಂದರೆ ಎಷ್ಟು ಅಂತರ ಬಿಡಬಹುದು? ಸಸಿ ಎಷ್ಟು ಬೇಕು?"

ಉತ್ತರ ಸರಳ. 126 ಮತ್ತು 90ರ ಮ.ಸಾ.ಅ. 18. ಉದ್ದಕ್ಕೆ 8, ಅಗಲಕ್ಕೆ 6, ಒಟ್ಟು 48 ಸಸಿ. ತರಗತಿಯ ಜಾಣರೆಲ್ಲ ಬರೆದರು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ಲೆಕ್ಕದ ಜಾಡೇ ಇಲ್ಲದೆ ಒಂದೇ ಸಾಲು ಗೀಚಿದ್ದ: "30 ಅಡಿ. 12 ಸಸಿ." ನಾನು ಕೆಂಪು ಶಾಯಿಯಲ್ಲಿ ದೊಡ್ಡದೊಂದು ಸೊನ್ನೆ ಸುತ್ತಿ, ಕಾಗದವನ್ನು ಎಲ್ಲರೆದುರು ಎತ್ತಿ ಹಿಡಿದು, "ಇವನು ತೋಟ ಮಾಡಿದ ಹಾಗೇ!" ಎಂದೆ. ತರಗತಿ ಗೊಳ್ಳೆಂದಿತು. ಹುಡುಗ ಏನೋ ಹೇಳಲು ಬಾಯಿ ತೆರೆದ. ಕೂರುವಂತೆ ಬೆತ್ತದಲ್ಲೇ ಸನ್ನೆ ಮಾಡಿದೆ. ಕುಳಿತ. ಆ ವರ್ಷವಿಡೀ ಗಣಿತದ ಪಿರಿಯಡ್ಡಿನಲ್ಲಿ ಅವನು ಮತ್ತೆ ಬಾಯಿ ತೆರೆಯಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯಿತು, ಓದು ಬಿಟ್ಟು ತೋಟಕ್ಕಿಳಿದ ಎಂದು ಆಮೇಲೆ ಕೇಳಿದೆ. ಕೇಳಿ ಮರೆತೂಬಿಟ್ಟೆ.

ಕೆಲವು ವರ್ಷಗಳ ಹಿಂದೆ ತಿಪಟೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬಾತ ಬಂದು ಕೈ ಮುಗಿದ. ಪಕ್ಕದಲ್ಲಿ ಆರನೆಯ ತರಗತಿಯ ಮಗಳು. "ಸಾ, ಇವಳಿಗೆ ಈ ಲಸಾಅ ಮಸಾಅ ತಲೆಗೇ ಹತ್ತುತ್ತಿಲ್ಲ. ಒಂದು ಭಾನುವಾರ ತೋಟದ ಕಡೆ ಬಂದು ಒಂಚೂರು ಹೇಳಿಕೊಡಿ. ನನಗೆ ಕೊಟ್ಟ ಹಾಗೆ ಸೊನ್ನೆ ಮಾತ್ರ ಕೊಡಬೇಡಿ" ಎಂದು ನಕ್ಕ. ನಗು ನಿಜವಾದದ್ದೇ. ಆದರೆ ಅಷ್ಟು ವರ್ಷ ಆ ಸೊನ್ನೆಯನ್ನು ಅವನು ಹೊತ್ತುಕೊಂಡೇ ಬಂದಿದ್ದ.

ಭಾನುವಾರ ಹೋದೆ. ಅಟ್ಟದ ತುಂಬ ಕೊಬ್ಬರಿಗೆಂದು ಪೇರಿಸಿದ ಕಾಯಿ, ಮನೆಯ ಹಿಂದೆಯೇ ತೋಟ. ಕಾಫಿ ಆದಮೇಲೆ ನಾನೇ ಕೇಳಿದೆ: "ಅವತ್ತು 12 ಸಸಿ ಅಂತ ಯಾಕೆ ಬರೆದಿದ್ದೆಯಪ್ಪಾ?" ಅವನು ನನ್ನನ್ನು ಎರಡು ಮರಗಳ ನಡುವೆ ನಿಲ್ಲಿಸಿ ತಲೆ ಎತ್ತಿ ನೋಡಲು ಹೇಳಿದ. "ಬಲಿತ ಗರಿ ಹದಿನೈದು ಅಡಿಗೆ ಕಮ್ಮಿ ಇರಲ್ಲ ಸಾ. ಈ ಮರದ್ದು ಹದಿನೈದು, ಆ ಮರದ್ದು ಹದಿನೈದು. ಮೂವತ್ತು ಬಿಡದಿದ್ರೆ ಗರಿಗೆ ಗರಿ ಹೆಣೆದುಕೊಂಡು ಬಿಸಿಲೇ ಬೀಳಲ್ಲ. ಬದುವಿನ ಮೇಲೆ ನೆಟ್ರೆ ಪಕ್ಕದ ಹೊಲದವರು ಸುಮ್ನಿರ್ತಾರಾ? ಅದಕ್ಕೇ ಹದಿನೈದು ಅಡಿ ಒಳಕ್ಕೆ ಬರಬೇಕು."

ಅಲ್ಲೇ ಕಡ್ಡಿ ಹಿಡಿದು ನೆಲದ ಮೇಲೆ ಲೆಕ್ಕ ಹಾಕಿದೆ. ಅಗಲ 90 ಅಡಿ. ಆ ಬದಿ 15, ಈ ಬದಿ 15 ಬಿಟ್ಟರೆ ಮೂವತ್ತರ ಅಂತರದಲ್ಲಿ ಮೂರು ಮರ. ಉದ್ದ 126. ನಾಲ್ಕು ಮರಕ್ಕೆ 90 ಅಡಿ ಹೋದರೆ ಉಳಿಯುವ 36ರಲ್ಲಿ ಆಚೆ 18, ಈಚೆ 18. ಮೂರು ನಾಲ್ಕಲ ಹನ್ನೆರಡು! ತೋಟಗಾರಿಕೆಯವರು ತೆಂಗಿಗೆ ಹೇಳುವ ಅಂತರವೂ 7.5ರಿಂದ 9 ಮೀಟರ್, ಅಂದರೆ 25ರಿಂದ 30 ಅಡಿ. ನನ್ನ 18 ಅಡಿಯ ಲೆಕ್ಕದಂತೆ ನೆಟ್ಟಿದ್ದರೆ ಅದು ತೋಟವಾಗುತ್ತಿರಲಿಲ್ಲ, ಕಾಡಾಗುತ್ತಿತ್ತು. ನನ್ನ ಉತ್ತರ ಸರಿಯಾಗಿತ್ತು, ಪ್ರಶ್ನೆಯೇ ತಪ್ಪಾಗಿತ್ತು. ಹುಡುಗ ನನ್ನ ಪ್ರಶ್ನೆಗೆ ಉತ್ತರ ಬರೆದಿರಲಿಲ್ಲ, ಜಮೀನಿಗೆ ಬರೆದಿದ್ದ.

ಹಾಗೆಂದು ಮ.ಸಾ.ಅ. ಪುಸ್ತಕದ ಬದನೆಕಾಯಿಯಲ್ಲ. ಅದಕ್ಕೆ ಒಪ್ಪುವ ಜಾಗ ಬೇರೆ. ಶಾರದಾ ಪೂಜೆಯ ದಿನ ಶಾಲೆಯಲ್ಲಿ 72 ಕೊಬ್ಬರಿ ಮಿಠಾಯಿ, 108 ಬಾಳೆಹಣ್ಣು ಇವೆ, ಏನೂ ಉಳಿಯದಂತೆ ಒಂದೇ ಸಮನಾದ ಪೊಟ್ಟಣ ಎಷ್ಟು ಕಟ್ಟಬಹುದು? ಹೆಚ್ಚೆಂದರೆ 36 ಪೊಟ್ಟಣ, ಒಂದೊಂದರಲ್ಲಿ ಎರಡು ಮಿಠಾಯಿ, ಮೂರು ಹಣ್ಣು. ಇರುವುದನ್ನು ಮಿಗದಂತೆ ಹಂಚಬೇಕು ಎಂದಾಗ ಮ.ಸಾ.ಅ. ಬೇರೆ ಬೇರೆ ಹೆಜ್ಜೆ ಹಾಕುವ ಎರಡು ಸಂಗತಿಗಳು ಮತ್ತೆ ಯಾವಾಗ ಒಟ್ಟಿಗೆ ಬಂದಾವು ಎಂದು ಕಾಯುವಾಗ ಲ.ಸಾ.ಅ. ಮಕ್ಕಳು ತಪ್ಪುವುದು ಭಾಗಾಕಾರದಲ್ಲಿ ಅಲ್ಲ, ಯಾವ ಕಡೆಯ ಲೆಕ್ಕ ಇದು ಎಂದು ಗುರುತಿಸುವಲ್ಲಿ.

ಮ.ಸಾ.ಅ. ಕಂಡುಹಿಡಿಯಲು ಆ ಮಗುವಿಗೆ ನಮ್ಮಲ್ಲಿ ಬರವಿಲ್ಲದ ತೆಂಗಿನ ನಾರಿನ ಹುರಿಯನ್ನೇ ಕೊಟ್ಟೆ. 126 ಸೆಂಟಿಮೀಟರಿನದು ಒಂದು, 90ರದು ಇನ್ನೊಂದು. ಉದ್ದದ್ದರಿಂದ ಗಿಡ್ಡದರಷ್ಟು ಕತ್ತರಿಸಿ ಬದಿಗಿಡು, ಉಳಿದದ್ದು 36. 90ರಿಂದ 36 ಕತ್ತರಿಸು, 54. ಅದರಿಂದ ಮತ್ತೆ 36 ಕತ್ತರಿಸು, 18. ಕೊನೆಗೆ 36ರಿಂದ 18 ಕತ್ತರಿಸಿದರೆ ಎರಡೂ ತುಂಡು ಸಮ. ಮುಗಿಯಿತು, ಮ.ಸಾ.ಅ. 18. ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕ್ರಿಸ್ತಪೂರ್ವ 300ರ ಸುಮಾರಿಗೆ ಬರೆದಿಟ್ಟ ಉಪಾಯ ಇದೇ. ಹುರಿ ಕತ್ತರಿಸಿದ ಮಗು ಅದನ್ನು ಮರೆಯುವುದಿಲ್ಲ.

ಇನ್ನು ಲ.ಸಾ.ಅ. ಅವರ ಮನೆಯಲ್ಲೇ ಸಿಕ್ಕಿತು. ಮನೆ ಹಿಂದಿನ ತೋಟದಲ್ಲಿ 45 ದಿನಕ್ಕೊಮ್ಮೆ ಕಾಯಿ ಕೀಳಿಸುತ್ತಾರೆ, ಹಳ್ಳದಾಚೆಯ ತೋಟದಲ್ಲಿ 60 ದಿನಕ್ಕೊಮ್ಮೆ. ಎರಡೂ ಒಂದೇ ದಿನ ಬಂದರೆ ಮರ ಹತ್ತುವವರು ಇಬ್ಬರು ಬೇಕು. ಈಗ ಒಬ್ಬರು ಸಿಗುವುದೇ ಕಷ್ಟ. "ಇವತ್ತು ಎರಡೂ ಒಟ್ಟಿಗೆ ಬಂದಿದೆ. ಮತ್ತೆ ಯಾವಾಗ ಬಂದೀತಮ್ಮಾ?" ಎಂದೆ. ಹುಡುಗಿ 45ನ್ನು 60ರಿಂದ ಗುಣಿಸಿ 2700 ಎಂದಳು. ಆಮೇಲೆ ತಾನೇ, "ಏಳು ವರ್ಷ ಮೇಲಾಯ್ತಲ್ಲ ಸಾರ್, ಅಷ್ಟು ದಿನ ಯಾಕೆ?" ಎಂದು ಅನುಮಾನಪಟ್ಟಳು. ನಾನು ಸುಮ್ಮನಿದ್ದೆ. ಕ್ಯಾಲೆಂಡರಿನ ಹಿಂದೆ ಬರೆದುಕೊಂಡಳು: 45, 90, 135, 180. ಕೆಳಗೆ 60, 120, 180. "ಆರು ತಿಂಗಳಿಗೊಮ್ಮೆ!"

ಅಷ್ಟಕ್ಕೇ ಬಿಡಲಿಲ್ಲ. "ಮಳೆ ಬಂದು ಮನೆ ಹಿಂದಿನ ತೋಟದ್ದು ಐದು ದಿನ ತಡವಾಗಿ ಶುರುವಾದರೆ?" ಅಪ್ಪನ ಮಗಳು! ಪುಸ್ತಕದಲ್ಲಿ ಇಲ್ಲದ ಪ್ರಶ್ನೆ. ಮೂವರೂ ಕುಳಿತೆವು. ಹಳ್ಳದಾಚೆಯದು 0, 60, 120, 180. ಮನೆ ಹಿಂದಿನದು 5, 50, 95, 140, 185. ಎಷ್ಟು ದೂರ ಹೋದರೂ ಸೇರುತ್ತಿಲ್ಲ. ಕಾರಣ ಇಲ್ಲಿದೆ. 45 ಮತ್ತು 60ರ ಮ.ಸಾ.ಅ. 15. ಹಳ್ಳದಾಚೆಯ ದಿನಗಳನ್ನು 15ರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ, ಮನೆ ಹಿಂದಿನದನ್ನು ಭಾಗಿಸಿದರೆ ಯಾವಾಗಲೂ 5 ಉಳಿಯುತ್ತದೆ. ಹಾಗಾಗಿ ಎಂದೆಂದಿಗೂ ಸೇರವು. ತಡ 15 ದಿನದ್ದಾಗಿದ್ದರೆ 60ನೆಯ ದಿನವೇ ಸೇರಿಬಿಡುತ್ತಿದ್ದವು. ಎರಡು ಸಂಗತಿ ಸೇರುತ್ತವೆಯೋ ಇಲ್ಲವೋ ಎಂದು ಹೇಳುವುದು ಮ.ಸಾ.ಅ.; ಒಮ್ಮೆ ಸೇರಿದರೆ ಮತ್ತೆ ಎಷ್ಟು ದಿನಕ್ಕೆ ಎಂದು ಹೇಳುವುದು ಲ.ಸಾ.ಅ. ಎರಡೂ ಅಣ್ಣ ತಮ್ಮಂದಿರು. ಹುಡುಗಿಯ 2700 ಕೂಡ ವ್ಯರ್ಥವಲ್ಲ: 15ನ್ನು 180ರಿಂದ ಗುಣಿಸಿ ನೋಡಿ!

ಅಪ್ಪ ತೊಡೆ ತಟ್ಟಿದ. "ಹಂಗಾದ್ರೆ ಬೇಕಂತಲೇ ಐದು ದಿನ ತಪ್ಪಿಸಿದ್ರೆ ಸಾಕಲ್ಲ ಸಾ! ಎರಡು ತೋಟ ಒಂದೇ ದಿನ ಬರೋದೇ ಇಲ್ಲ. ಒಬ್ಬನೇ ಆಳಲ್ಲಿ ಆಗೋಗುತ್ತೆ." ಗಣಿತದಲ್ಲಿ ಫೇಲಾದವನ ಬಾಯಲ್ಲಿ ಆ ಮಾತು ಕೇಳಿ ನನಗೆ ತಲೆ ತಗ್ಗಿತು. ಶೇಷ ಉಳಿಯುವ ಇಂಥ ಲೆಕ್ಕಗಳಿಗೆಂದೇ ಆರ್ಯಭಟ ಕ್ರಿ.ಶ. 499ರ ಆರ್ಯಭಟೀಯದಲ್ಲಿ ಕುಟ್ಟಕವೆಂಬ ಕ್ರಮ ಕೊಟ್ಟಿದ್ದಾನೆ. ನಾನು ಅದನ್ನು ಓದಿದ್ದೆ. ಅದು ತೆಂಗಿನ ತೋಟದಲ್ಲಿ ಕೆಲಸಕ್ಕೆ ಬರುತ್ತದೆಂದು ಹೊಳೆದಿರಲಿಲ್ಲ.

ನಮ್ಮ ಹಿರಿಯರಿಗೆ ಇದು ಹೊಳೆದಿತ್ತು. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯ ಭಿನ್ನರಾಶಿ ಕೂಡುವಾಗ ಛೇದಗಳ ಲ.ಸಾ.ಅ. ಹಿಡಿಯುವ ದಾರಿ ತೋರಿಸಿದ. ಅದಕ್ಕೆ ಅವನಿಟ್ಟ ಹೆಸರು ನಿರುದ್ಧ. 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದ. ಅವನ ಒಂದು ಗ್ರಂಥದ ಹೆಸರೇ ವ್ಯವಹಾರಗಣಿತ. ವ್ಯವಹಾರ ಮೊದಲು, ಗಣಿತ ಆಮೇಲೆ! ನಾವು ಅದನ್ನು ತಿರುಗಿಸಿಬಿಟ್ಟೆವು. ಸಂಖ್ಯೆ ಮೊದಲು ಕೊಟ್ಟು, ಅದಕ್ಕೆ ಹೊಂದುವಂತೆ ತೋಟ ಕಟ್ಟಿದೆವು.

ಈಗಲೂ ನಾನು ತರಗತಿಯಲ್ಲಿ ಆ 126, 90ರ ಲೆಕ್ಕ ಕೊಡುತ್ತೇನೆ. ಆದರೆ ಕೆಳಗೊಂದು ಸಾಲು ಸೇರಿಸಿದ್ದೇನೆ: "ನೀವು ಈ ತೋಟದ ಯಜಮಾನರಾಗಿದ್ದರೆ ಹೀಗೇ ನೆಡುತ್ತೀರಾ? ಕಾರಣ ಬರೆಯಿರಿ." 18 ಎಂದವರಿಗೂ ಅಂಕ ಉಂಟು, ಕಾರಣ ಕೊಟ್ಟು 30 ಎಂದವರಿಗೂ ಉಂಟು.

ಪೋಷಕರಲ್ಲಿ ಒಂದು ಕೋರಿಕೆ. ಮನೆಪಾಠಕ್ಕೆ ಕಳಿಸುವ ಮೊದಲು ವಾರಕ್ಕೊಂದು ಲೆಕ್ಕ ಮನೆಯಿಂದಲೇ ಕೊಡಿ. ಸಂತೆ ಏಳು ದಿನಕ್ಕೊಮ್ಮೆ, ಗ್ಯಾಸ್ ಸಿಲಿಂಡರ್ ನಲವತ್ತು ದಿನಕ್ಕೊಮ್ಮೆ. ಎರಡೂ ಖರ್ಚು ಒಂದೇ ದಿನ ಯಾವಾಗ ಬಂದೀತು ಎಂದು ಕೇಳಿ. ಮಗು 280 ಎನ್ನಬಹುದು. "ಹಬ್ಬದ ತಿಂಗಳಲ್ಲಿ ಸಿಲಿಂಡರ್ ಬೇಗ ಖಾಲಿಯಾಗುತ್ತಲ್ಲ" ಎಂದೂ ಅನ್ನಬಹುದು. ಎರಡನೆಯದನ್ನು ತಲೆಹರಟೆ ಎಂದುಕೊಳ್ಳಬೇಡಿ. ವಿದ್ಯಾರ್ಥಿಗಳೇ, ನಿಮ್ಮ ಉತ್ತರ ಪುಸ್ತಕದ ಹಿಂದಿನ ಪುಟಕ್ಕೆ ಹೊಂದದಿದ್ದರೆ ಒಡನೆ ಅಳಿಸಬೇಡಿ. ಹೇಗೆ ಬಂತೆಂದು ಬರೆದು ತೋರಿಸಿ.

ಉತ್ತರ ವಿಚಿತ್ರವಾಗಿ ಕಂಡಾಗ ಕೆಂಪು ಪೆನ್ನು ತೆಗೆಯುವ ಮುಂಚೆ "ಯಾಕೆ?" ಎಂದು ಕೇಳುವುದನ್ನು ನಾನು ಈಗ ಕಲಿತಿದ್ದೇನೆ. ಆ ಎರಡಕ್ಷರ 1994ರಲ್ಲೇ ನನ್ನ ಬಾಯಿಂದ ಬಂದಿದ್ದರೆ ಒಬ್ಬ ಹುಡುಗ ಇನ್ನೂ ಸ್ವಲ್ಪ ಓದುತ್ತಿದ್ದ. ನಾನೂ ಇನ್ನೂ ಸ್ವಲ್ಪ ಬೇಗ ಮೇಷ್ಟ್ರಾಗುತ್ತಿದ್ದೆ.